ಗಿಟಾರಿನ ಅಂದಕ್ಕೆ ಎಷ್ಟು ಬೆಲೆ ಕೊಡಬೇಕು?



ಸಂತೆಯಲ್ಲಿ ಕುಂಬಾರನ ಮುಂದೆ ನಿಂತ ಹೆಂಗಸನ್ನು ನೀವೆಲ್ಲರೂ ನೋಡಿದ್ದೀರಿ. ಅವಳು ಮಡಕೆಯ ಬಣ್ಣವನ್ನೂ ದುಂಡನ್ನೂ ನೋಡುವದು ನಿಜ. ಆದರೆ ಅಷ್ಟನ್ನು ನೋಡಿದ ಮಾತ್ರಕ್ಕೆ ಸೆರಗಿನ ಗಂಟನ್ನು ಬಿಚ್ಚುವದಿಲ್ಲ. ಮಡಕೆಯನ್ನು ಒಂದು ಕೈಯಿಂದ ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಡುತ್ತಾಳೆ. ಕಂಚಿನಂತೆ ನುಡಿದರೆ ತಕ್ಕೊಳ್ಳುತ್ತಾಳೆ; ಒಡಕು ದನಿ ಬಂದರೆ ಎಷ್ಟು ಅಂದವಾಗಿದ್ದರೂ ಕೆಳಗೆ ಇಡುತ್ತಾಳೆ. ಎತ್ತನ್ನು ಕೊಳ್ಳುವ ರೈತನೂ ಹಾಗೆಯೇ. ಕೊಂಬಿಗೆ ಬಳಿದ ಬಣ್ಣವನ್ನು ಅವನು ಲೆಕ್ಕಿಸುವದಿಲ್ಲ. ಹಲ್ಲನ್ನು ನೋಡುತ್ತಾನೆ, ನಾಲ್ಕು ಹೆಜ್ಜೆ ನಡಿಸಿ ನೋಡುತ್ತಾನೆ. ಇಷ್ಟು ಬುದ್ಧಿಯುಳ್ಳ ನಾವು ಪಟ್ಟಣದ ವಾದ್ಯದಂಗಡಿಯನ್ನು ಹೊಕ್ಕ ಕೂಡಲೆ ಆ ಬುದ್ಧಿಯನ್ನು ಚಪ್ಪಲಿಗಳ ಸಂಗಡ ಬಾಗಲಲ್ಲಿಯೇ ಬಿಡುತ್ತೇವೆ.

ಈಗ ಅನೇಕ ಹಳ್ಳಿಗಳ ಸಭೆಗಳಲ್ಲಿ ಯೌವನಸ್ಥರು ಗಿಟಾರನ್ನು ನುಡಿಸುತ್ತಾ ಹಾಡುವದುಂಟು. ಹಾರ್ಮೋನಿಯಮ್ಮನ್ನು ಕೊಳ್ಳುವ ಕ್ರಮವು ನಮ್ಮ ಹಿರಿಯರಿಗೆ ತಿಳಿದಿತ್ತು. ಗಿಟಾರಿನ ವಿಷಯವಾದರೋ ಹೆಚ್ಚಿನವರಿಗೆ ಹೊಸದು. ಆದದರಿಂದ ವಿದ್ಯುತ್ತಿನ ಸಹಾಯವಿಲ್ಲದೆ ತನ್ನ ಮರದ ಪೆಟ್ಟಿಗೆಯಿಂದಲೇ ನುಡಿಯುವ ಅಕೌಸ್ಟಿಕ್ ಗಿಟಾರನ್ನು ಕೊಳ್ಳುವಾಗ ಅದರ ಅಂದಕ್ಕೆ ಎಷ್ಟು ಮಾನ ಕೊಡತಕ್ಕದ್ದೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ. ಇದನ್ನು ಬರೆಯುವದಕ್ಕೆ ನಮಗೆ ಒಂದು ಕಾರಣವುಂಟು. ಅದನ್ನು ಮೊದಲು ಒಪ್ಪಿಕೊಳ್ಳಬೇಕು.

೧. ನಾವು ಮಾಡಿದ ತಪ್ಪು

ಕೆಲವು ವರುಷಗಳ ಹಿಂದೆ ನಮ್ಮ ಸಭೆಯವರು ಒಂದು ಗಿಟಾರಿಗಾಗಿ ಹಣ ಕೂಡಿಸಿದರು. ಅದರಲ್ಲಿ ಯೌವನಸ್ಥರ ಕೂಲಿಯ ಪಾಲು ಇತ್ತು. ಸ್ತ್ರೀಯರು ಒಲೆಯ ಮುಂದೆ ದಿನಾಲು ಎತ್ತಿಟ್ಟ ಹಿಡಿಯಕ್ಕಿಯ ಹಣವೂ ಇತ್ತು. ಒಂದು ವರುಷದಲ್ಲಿ ಆರು ಸಾವಿರ ರೂಪಾಯಿ ಕೂಡಿತು. ಓದು ಬಲ್ಲವರೆಂದು ಎಣಿಸಿ ಅದನ್ನು ನಮ್ಮ ಕೈಗೆ ಒಪ್ಪಿಸಿದರು.

ನಾವು ಒಬ್ಬ ಹಿರಿಯರನ್ನು ಕರಕೊಂಡು ಪಟ್ಟಣಕ್ಕೆ ಹೋದೆವು. ಅಂಗಡಿಯ ಗೋಡೆಯಲ್ಲಿ ಸಾಲಾಗಿ ತೂಗಿಸಿದ ಗಿಟಾರುಗಳ ನಡುವೆ ಒಂದು ಕೆಂಪು ಗಿಟಾರು ಇತ್ತು. ಅಂಚಿಗೆ ಹೋದ ಹಾಗೆ ಆ ಕೆಂಪು ಕಪ್ಪಾಗಿ ತಿರುಗುತ್ತಿತ್ತು. ಮುಖ ನೋಡಿಕೊಳ್ಳುವಷ್ಟು ಹೊಳಪಿತ್ತು. ನಾದದ ತೂತಿನ ಸುತ್ತಲೂ ಮುತ್ತಿನ ಚಿಪ್ಪಿನಂಥ ಬಳೆ ಇತ್ತು. ಅದರ ಬದಿಯಲ್ಲಿಯೇ ಒಂದು ಮಬ್ಬು ಕಂದು ಬಣ್ಣದ ಗಿಟಾರು ತೂಗುತ್ತಿತ್ತು. ಅದನ್ನು ನಾವು ಇಳಿಸುವದಕ್ಕೂ ಹೇಳಲಿಲ್ಲ. ಕೆಂಪು ಗಿಟಾರಿನ ತಂತಿಗಳನ್ನು ಒಮ್ಮೆ ಮೀಟಿದೆವು, ಹಣ ಕೊಟ್ಟೆವು, ಬಂದೆವು.

ಊರಿನವರೆಲ್ಲರೂ ನೋಡಿ ಸಂತೋಷಪಟ್ಟರು. ಒಬ್ಬ ಅಜ್ಜಿ ಮಾತ್ರ, "ಉಪದೇಶಿಗಳೇ, ನಾವು ಮಡಕೆಯನ್ನಾದರೂ ತಟ್ಟಿ ತರುತ್ತೇವೆ, ಇದನ್ನು ತಟ್ಟಿ ನೋಡಿದಿರೋ?" ಎಂದು ಕೇಳಿದಳು. ನಾವು ನಕ್ಕೆವು.

ಕಲಿಯುವದಕ್ಕೆ ಆರಿಸಲ್ಪಟ್ಟವನು ಹದಿಮೂರು ವರುಷದ ಹುಡುಗನು. ಒಳ್ಳೇ ಕಂಠವುಳ್ಳವನು, ತಾಳ ಬಲ್ಲವನು. ಒಂದು ತಿಂಗಳಲ್ಲಿ ಅವನ ಬೆರಳ ತುದಿಗಳು ಸೀಳಿದವು. ಹೊಸಬರಿಗೆ ನೋವಾಗುವದು ಸಹಜವೆಂದು ನಾವು ಧೈರ್ಯ ಹೇಳಿದೆವು. ಮೂರನೆಯ ತಿಂಗಳಲ್ಲಿಯೂ ಅವನು ಒತ್ತಿದ ಸ್ವರಗಳು ಸರಿಯಾಗಿ ಹೊರಡಲಿಲ್ಲ. ಜತೆಯ ಹುಡುಗರು ನಗುವದಕ್ಕೆ ಆರಂಭಿಸಿದರು. ಐದನೆಯ ತಿಂಗಳಲ್ಲಿ ಅವನು ಗಿಟಾರನ್ನು ನಮ್ಮ ಮನೆಗೆ ತಂದು ಗೋಡೆಗೆ ಒರಗಿಸಿ, "ನನ್ನ ಕೈಗೆ ಇದು ಬರುವದಿಲ್ಲ, ಅಯ್ಯಾ" ಎಂದು ಹೇಳಿ ಹೋದನು.

ಬಹುಕಾಲದ ಮೇಲೆ ವಾದ್ಯಗಳನ್ನು ದುರಸ್ತಿ ಮಾಡುವ ಒಬ್ಬನು ಅದನ್ನು ನೋಡಿದನು. ಕೊರಳಿನ ಉದ್ದಕ್ಕೆ ಒಂದು ಕಣ್ಣಿಟ್ಟು ನೋಡಿ ಅವನು ಹೇಳಿದ್ದೇನಂದರೆ: ಕೊರಳು ಬಾಗಿದೆ, ನಡುವಿನಲ್ಲಿ ತಂತಿಯು ಐದು ಮಿಲ್ಲಿಮೀಟರಿನಷ್ಟು ಎತ್ತರ ನಿಂತಿದೆ, ಇದನ್ನು ದೊಡ್ಡವರ ಕೈಯೂ ಒತ್ತಲಾರದು. ತಪ್ಪು ಹುಡುಗನ ಬೆರಳಿನಲ್ಲಿ ಇರಲಿಲ್ಲ, ನಮ್ಮ ಕಣ್ಣಿನಲ್ಲಿ ಇತ್ತು. ನಾವು ಹೋಗಿ ಅವನಿಗೆ ಅದನ್ನು ತಿಳಿಸಿದೆವು. ಅವನು ಕೇಳಿಕೊಂಡನು; ಆದರೆ ಮತ್ತೆ ಗಿಟಾರನ್ನು ಮುಟ್ಟಲಿಲ್ಲ. ಆರು ಸಾವಿರ ರೂಪಾಯಿಯನ್ನು ಮತ್ತೊಮ್ಮೆ ಕೂಡಿಸಬಹುದು. ತನ್ನ ಕೈಗೆ ಬರುವದಿಲ್ಲವೆಂದು ಒಬ್ಬ ಮಗುವಿನ ಮನಸ್ಸಿನಲ್ಲಿ ನಾಟಿದ ಮಾತನ್ನು ಕೀಳುವದು ಕಷ್ಟ.

೨. ನಾದವು ಎಲ್ಲಿಂದ ಬರುತ್ತದೆ?

ಅಂದಕ್ಕೂ ನಾದಕ್ಕೂ ಇರುವ ಸಂಬಂಧವನ್ನು ತಿಳಿಯಬೇಕಾದರೆ ಗಿಟಾರು ನುಡಿಯುವ ರೀತಿಯನ್ನು ತಿಳಿಯಬೇಕು. ತಂತಿಯು ತೆಳ್ಳಗಿರುವದರಿಂದ ಅದು ತಾನೇ ಹೆಚ್ಚು ಗಾಳಿಯನ್ನು ಅಲುಗಿಸಲಾರದು. ವೀಣೆಯವರು ಕುದುರೆ ಎಂದು ಕರೆಯುವ ಭಾಗವು ಗಿಟಾರಿನಲ್ಲಿಯೂ ಉಂಟು. ತಂತಿಯ ನಡುಕವು ಆ ಕುದುರೆಯ ಮೂಲಕ ಮೇಲ್ಹಲಗೆಗೆ ಇಳಿಯುತ್ತದೆ. ಆ ಹಲಗೆಯು ನಡುಗಿ ಪೆಟ್ಟಿಗೆಯ ಒಳಗಿನ ಮತ್ತು ಹೊರಗಿನ ಗಾಳಿಯನ್ನು ಅಲುಗಿಸುತ್ತದೆ. ಉಕ್ಕಿನ ತಂತಿಗಳ ಗಿಟಾರಿನಲ್ಲಿ ಆರು ತಂತಿಗಳು ಕೂಡಿ ಎಳೆಯುವ ಬಲವು ಸುಮಾರು ೭೦ ಕಿಲೋಗ್ರಾಮಿನಷ್ಟು. ಅದನ್ನು ತಾಳತಕ್ಕ ಮೇಲ್ಹಲಗೆಯ ದಪ್ಪವು ಮೂರು ಮಿಲ್ಲಿಮೀಟರಿನಷ್ಟು ಮಾತ್ರ. ಮುರಿಯದಷ್ಟು ಗಟ್ಟಿಯಾಗಿಯೂ ನಡುಗುವಷ್ಟು ಹಗುರವಾಗಿಯೂ ಅದು ಇರಬೇಕು. ಇದಕ್ಕಾಗಿಯೇ ಅದರ ಒಳಮೈಗೆ ಮರದ ಪಟ್ಟಿಗಳನ್ನು ಅಂಟಿಸುತ್ತಾರೆ. ೧೮೩೩ರಲ್ಲಿ ಜರ್ಮನಿಯಿಂದ ಅಮೇರಿಕಕ್ಕೆ ಹೋಗಿ, ಬಳಿಕ ಪೆನ್ಸಿಲ್ವೇನಿಯದ ನಜರೇತೆಂಬ ಮೊರೇವಿಯನ್ ಸಭೆಯವರ ಊರಿನಲ್ಲಿ ನೆಲೆಸಿದ ಮಾರ್ಟಿನ್ ಎಂಬ ಕೆಲಸಗಾರನು ೧೮೪೦ರ ದಶಕದಲ್ಲಿ ಆ ಪಟ್ಟಿಗಳನ್ನು ಗುಣಿಸುವ ಗುರುತಿನಂತೆ ಒಂದರ ಮೇಲೊಂದು ಹಾಯಿಸಿ ಕಟ್ಟುವ ಕ್ರಮವನ್ನು ರೂಢಿಗೆ ತಂದವರಲ್ಲಿ ಒಬ್ಬನು. ಇಂದಿಗೂ ಉಕ್ಕಿನ ತಂತಿಗಳ ಗಿಟಾರುಗಳಲ್ಲಿ ಹೆಚ್ಚಿನವು ಹಾಗೆಯೇ ಕಟ್ಟಲ್ಪಡುತ್ತವೆ. ಗೋಡೆಗೆ ತೂಗಿದ ಗಿಟಾರನ್ನು ದೂರದಿಂದ ನೋಡುವವನಿಗೆ ಈ ಪಟ್ಟಿಗಳಲ್ಲಿ ಒಂದೂ ಕಾಣುವದಿಲ್ಲವೆಂಬದನ್ನು ಗಮನಿಸಿರಿ.

ಹಾಗಾದರೆ ಹಿಂಬದಿಯ ಬೆಲೆಯುಳ್ಳ ಮರದಿಂದ ಪ್ರಯೋಜನವೇನು? ಸ್ಪೇನ್ ದೇಶದ ಆಂಟೋನಿಯೋ ದೆ ತೋರೆಸ್ ಎಂಬ ಹೆಸರಾದ ಗಿಟಾರು ಕೆಲಸಗಾರನು ೧೮೬೨ರಲ್ಲಿ ಒಂದು ಗಿಟಾರನ್ನು ಮಾಡಿದನು. ಅದರ ಮೇಲ್ಹಲಗೆಯು ಒಳ್ಳೇ ಮರದ್ದು. ಬೆನ್ನೂ ಪಕ್ಕಗಳೂ ಕಾಗದದ ರಟ್ಟಿನವು. ಮೇಲ್ಹಲಗೆಯೇ ಮುಖ್ಯವೆಂದು ತೋರಿಸುವದಕ್ಕೆ ಹಾಗೆ ಮಾಡಿದನೆಂದು ಹೇಳುತ್ತಾರೆ. ಆ ಗಿಟಾರು ಈಗ ಬಾರ್ಸಿಲೋನದ ಸಂಗೀತ ವಸ್ತುಸಂಗ್ರಹಾಲಯದಲ್ಲಿ ಇದೆ. ೧೯೯೫ರಲ್ಲಿ ಕ್ಯಾಲಿಫೋರ್ನಿಯದ ಬಾಬ್ ಟೇಲರ್ ಎಂಬವರು ಸಾಮಾನು ಹೇರುವದಕ್ಕೆ ಕೆಳಗಿಡುವ ಒರಟು ಮರದ ಚೌಕಟ್ಟನ್ನು ಬಿಚ್ಚಿ, ಆ ಹಲಗೆಗಳಿಂದಲೇ ಒಂದು ಗಿಟಾರನ್ನು ಕಟ್ಟಿ ನುಡಿಸಿ ತೋರಿಸಿದರು. ಒಳ್ಳೇ ಕೈಯ ಕೆಲಸವು ಹಗುರಾದ ಮರವನ್ನೂ ನುಡಿಸುವದೆಂಬದು ಅದರಿಂದ ಕಂಡಿತು.

ಇದಕ್ಕಿಂತಲೂ ಕ್ರಮವಾದ ಪರೀಕ್ಷೆಯ ಫಲವು ೨೦೧೮ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನಲ್ಲಿ ಆರು ಗಿಟಾರುಗಳನ್ನು ಒಂದೇ ಮಾದರಿಯಲ್ಲಿ ಕಟ್ಟಿಸಿ, ಬೆನ್ನು ಮತ್ತು ಪಕ್ಕಗಳ ಮರವನ್ನು ಮಾತ್ರ ಬೇರೆ ಬೇರೆ ಮಾಡಿದರು: ಬ್ರೆಜಿಲಿನ ಬೀಟೆ, ಇಂಡಿಯಾದ ಬೀಟೆ, ಮಹಾಗನಿ, ಮೇಪಲ್, ಸಪೇಲೆ, ವಾಲ್ನಟ್. ೫೨ ಮಂದಿ ಗಿಟಾರು ಬಲ್ಲವರಿಗೆ ಮಬ್ಬು ಬೆಳಕಿನ ಕೋಣೆಯಲ್ಲಿ, ಬೆಸುಗೆ ಹಾಕುವವರ ಕಪ್ಪು ಕನ್ನಡಕವನ್ನು ತೊಡಿಸಿ, ಅವುಗಳನ್ನು ನುಡಿಸುವದಕ್ಕೆ ಕೊಟ್ಟರು. ಬಹು ಬೆಲೆಯ ಮರಕ್ಕೂ ಕಡಿಮೆ ಬೆಲೆಯ ಮರಕ್ಕೂ ಅವರು ಕೊಟ್ಟ ಅಂಕಗಳು ಬಹಳ ಮಟ್ಟಿಗೆ ಸಮವಾಗಿಯೇ ಇದ್ದವು. ಕಣ್ಣು ಮುಚ್ಚಿದಾಗ ಕಿವಿಗೆ ತಿಳಿಯದ ಭೇದವು ಕಣ್ಣು ತೆರೆದ ಕೂಡಲೆ ತಿಳಿಯುವದಾದರೆ, ಅದನ್ನು ಕೇಳಿದ್ದು ಕಿವಿಯಲ್ಲ. ಕೆಂಪು ಗಿಟಾರನ್ನು ಒಮ್ಮೆ ಮೀಟಿ ಇಂಪಾಗಿದೆ ಎಂದು ನಾವು ಹೇಳಿದಾಗ ನಮ್ಮಲ್ಲಿಯೂ ಕಣ್ಣೇ ಮಾತಾಡಿತು.

೩. ಅಂದಕ್ಕಾಗಿ ತೆತ್ತ ಬೆಲೆ

ಅಂದವನ್ನು ಮಾತ್ರ ಹುಡುಕುವವರಿಂದ ದೂರದಲ್ಲಿರುವ ಕಾಡುಗಳಿಗೂ ನಷ್ಟ ಬಂದದೆ. ಗಿಟಾರಿನ ಬೆರಳುಪಟ್ಟಿಗೆ ಎಬೊನಿ ಎಂಬ ಕರಿಮರವನ್ನು ಉಪಯೋಗಿಸುತ್ತಾರೆ. ಅದು ಅಚ್ಚಕಪ್ಪಾಗಿಯೇ ಇರಬೇಕೆಂದು ಕೊಳ್ಳುವವರು ಬಯಸುತ್ತಿದ್ದರು. ಆದರೆ ಮರವನ್ನು ಕಡಿಯುವ ವರೆಗೆ ಒಳಗಿನ ಬಣ್ಣವು ತಿಳಿಯದು. ೨೦೧೧ರಲ್ಲಿ ಆಫ್ರಿಕದ ಕ್ಯಾಮೆರೂನಿನಲ್ಲಿ ಕರಿಮರದ ಗಿರಣಿಯೊಂದನ್ನು ಪಾಲಿನಲ್ಲಿ ಕೊಂಡ ಮೇಲೆ ಬಾಬ್ ಟೇಲರ್ ಹೇಳಿದ ಸಂಗತಿ ಏನಂದರೆ, ಅಚ್ಚಕಪ್ಪಾದ ಒಂದು ಮರಕ್ಕಾಗಿ ಹತ್ತು ಮರಗಳನ್ನು ಕಡಿಯುತ್ತಿದ್ದರು. ಕಂದು ಗೆರೆಗಳುಳ್ಳ ಮಿಕ್ಕವುಗಳನ್ನು ಕಾಡಿನಲ್ಲಿಯೇ ಬಿಟ್ಟು ಬರುತ್ತಿದ್ದರು. ಆ ಗೆರೆಗಳಿಂದ ಮರದ ಕೆಲಸಕ್ಕೆ ಕುಂದೇನೂ ಇರಲಿಲ್ಲ. ಕಣ್ಣಿಗೆ ಒಪ್ಪಲಿಲ್ಲ, ಅಷ್ಟೇ. ಅಂದಿನಿಂದ ಅವರ ಕಂಪೆನಿಯು ಗೆರೆಯುಳ್ಳ ಕರಿಮರವನ್ನೂ ತಕ್ಕೊಂಡು ಉಪಯೋಗಿಸುತ್ತದೆ.

ನಮ್ಮ ಮಲೆನಾಡಿಗೂ ಈ ಕಥೆಯಲ್ಲಿ ಪಾಲುಂಟು. ಬ್ರೆಜಿಲಿನ ಬೀಟೆಯು ಸಿಕ್ಕುವದು ಕಷ್ಟವಾದ ಕಾಲದಲ್ಲಿ, ೧೯೬೯ರಲ್ಲಿ, ಮಾರ್ಟಿನ್ ಕಂಪೆನಿಯವರು ಇಂಡಿಯಾದ ಬೀಟೆಗೆ ತಿರುಗಿಕೊಂಡರು. ೧೯೯೨ರಲ್ಲಿ ಬ್ರೆಜಿಲಿನ ಮರದ ಅಂತರರಾಷ್ಟ್ರೀಯ ವ್ಯಾಪಾರವು ಕಠಿಣವಾಗಿ ತಡೆಯಲ್ಪಟ್ಟಿತು. ನಮ್ಮ ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ ಬೀಟೆಯು ಆ ಇಂಡಿಯಾದ ಬೀಟೆಯೇ. ಬಾಗಲು ಮಂಚಗಳಿಗಾಗಿ ನಮ್ಮವರು ಬಲ್ಲ ಆ ಮರವು ಇಂದು ಲೋಕದ ಒಳ್ಳೇ ಗಿಟಾರುಗಳ ಬೆನ್ನಾಗಿದೆ. ಒಂದು ಬೀಟೆಯ ಮರವು ಬಲಿಯುವದಕ್ಕೆ ಎಷ್ಟು ತಲೆಮಾರು ಬೇಕೆಂದು ಮಲೆನಾಡಿನವರನ್ನು ಕೇಳಿರಿ. ಅದನ್ನು ಬರೇ ತೋರಿಕೆಗಾಗಿ ಕೇಳುವದು ಹಗುರಾದ ಸಂಗತಿಯಲ್ಲ.

ಬೆಲೆಪಟ್ಟಿಯಲ್ಲಿಯೂ ಇದನ್ನೇ ಕಾಣಬಹುದು. ಅದೇ ಮಾರ್ಟಿನ್ ಕಂಪೆನಿಯು ಮಾಡುವ ಎರಡು ದೊಡ್ಡ ಗಿಟಾರುಗಳಿಗೆ ಡಿ-೨೮, ಡಿ-೪೫ ಎಂದು ಹೆಸರು. ಎರಡಕ್ಕೂ ಸ್ಪ್ರೂಸಿನ ಮೇಲ್ಹಲಗೆ, ಬೀಟೆಯ ಬೆನ್ನು. ಎರಡನೆಯದಕ್ಕೆ ಅಂಚಿನ ಸುತ್ತಲೂ ಬಣ್ಣಬಣ್ಣದ ಕಡಲಚಿಪ್ಪಿನ ಕುಸುರಿಯನ್ನು ಕೂಡಿಸಿದ್ದಾರೆ. ಮರವನ್ನು ಆರಿಸುವದರಲ್ಲಿಯೂ ಹೆಚ್ಚಿನ ಜಾಗ್ರತೆ ಉಂಟು. ಬೆಲೆಯಾದರೋ ಬಹಳ ಹೆಚ್ಚು. ಆ ಹೆಚ್ಚಿನ ಹಣದ ದೊಡ್ಡ ಪಾಲು ಕುಸುರಿಯ ಕೆಲಸಕ್ಕೆ ಸಲ್ಲುತ್ತದೆ. ಕುಸುರಿಯ ಕೂಲಿಯು ನ್ಯಾಯವಾದದ್ದೇ. ಆದರೆ ಚಿಪ್ಪು ಹಾಡುವದಿಲ್ಲ.

೪. ಹಾಗಾದರೆ ಅಂದವು ಬೇಡವೋ?

ಬೇಡವೆಂದು ನಾವು ಹೇಳುವದಿಲ್ಲ. ಕಣ್ಣಿಗೆ ಹಿತವಾದ ವಸ್ತುವನ್ನು ಕೈಯು ಮತ್ತೆ ಮತ್ತೆ ಹುಡುಕಿಕೊಂಡು ಹೋಗುವದು; ದಿನಾಲು ಎತ್ತಿಕೊಂಡವನೇ ಕಲಿಯುವನು. ಹೊಸದಾಗಿ ಕಲಿಯುವವನಿಗೆ ತನ್ನ ಗಿಟಾರಿನ ಮೇಲೆ ಪ್ರೀತಿ ಇರುವದು ದೊಡ್ಡ ಸಹಾಯ. ಇದಲ್ಲದೆ, ನೋಟಕ್ಕೆ ಸೇರಿದ ಕೆಲವು ಸಂಗತಿಗಳಿಗೆ ಉಪಯೋಗವೂ ಉಂಟು. ಕೆಲವು ಗಿಟಾರುಗಳ ಪೆಟ್ಟಿಗೆಯ ಒಂದು ಹೆಗಲನ್ನು ಕತ್ತರಿಸಿದ ಹಾಗೆ ಮಾಡಿರುತ್ತಾರೆ. ಅದು ಪೆಟ್ಟಿಗೆಯ ಹತ್ತಿರದ ಫ್ರೆಟ್ಟುಗಳಿಗೆ ಕೈ ನಿಲುಕಲೆಂದು. ಹಾಡಿಗೆ ಜತೆಯಾಗಿ ನುಡಿಸುವವನಿಗೆ ಅದರ ಅವಶ್ಯವು ಕಡಿಮೆ. ದೊಡ್ಡ ಪೆಟ್ಟಿಗೆಯು ಗಂಭೀರವಾಗಿ ಕಾಣುತ್ತದೆ, ಗಟ್ಟಿಯಾಗಿಯೂ ನುಡಿಯುತ್ತದೆ. ಆದರೆ ಹತ್ತು ವರುಷದ ಮಗುವಿನ ತೋಳು ಅದರ ಮೇಲಿನಿಂದ ತಂತಿಗೆ ಮುಟ್ಟುವದು ಕಷ್ಟ. ಆಕಾರವನ್ನು ನೋಡುವಾಗ ಚಂದವೋ ಎಂದು ಕೇಳುವದಕ್ಕೆ ಮುಂಚೆ ಯಾರ ಮೈಗೆ ಎಂದು ಕೇಳಬೇಕು.

ಇನ್ನೊಂದು ಮಾತು. ಅಂಗಡಿಯ ಅಂದವು ಬೇರೆ, ಬಳಕೆಯಿಂದ ಬಂದ ಅಂದವು ಬೇರೆ. ಅಮೇರಿಕದ ಹಾಡುಗಾರ ವಿಲ್ಲಿ ನೆಲ್ಸನ್ ಎಂಬವರು ೧೯೬೯ರಲ್ಲಿ ಒಂದು ಮಾರ್ಟಿನ್ ಗಿಟಾರನ್ನು ಕಣ್ಣಿನಿಂದ ನೋಡದೆಯೇ ಕೊಂಡರು. ಬಹು ವರುಷಗಳ ಮೀಟುವಿಕೆಯಿಂದ ಅದರ ಮೇಲ್ಹಲಗೆಯು ಸವೆದು, ಕುದುರೆಯ ಹತ್ತಿರ ಒಂದು ದೊಡ್ಡ ತೂತು ಬಿದ್ದಿದೆ. ಗೋಡೆಯಲ್ಲಿ ತೂಗಿಸಿದರೆ ಯಾರೂ ಅದನ್ನು ಕೇಳಲಿಕ್ಕಿಲ್ಲ. ಅವರಾದರೋ ಅದನ್ನೇ ನುಡಿಸುತ್ತಾ ಬಂದರು. ನಮ್ಮ ಅಜ್ಜಿಯಂದಿರ ಬೀಸುವ ಕಲ್ಲಿನ ಗೂಟವೂ ಹೀಗೆಯೇ ಸವೆದು ಹೊಳೆಯುತ್ತಿತ್ತಲ್ಲವೇ? ಆ ಹೊಳಪನ್ನು ಯಾರೂ ಹಣಕ್ಕೆ ಕೊಳ್ಳಲಿಲ್ಲ.

೫. ಕಣ್ಣಿಗೆ ಕೊಡತಕ್ಕ ಕೆಲಸ

ಕಣ್ಣನ್ನು ಮುಚ್ಚಿಕೊಂಡು ಗಿಟಾರನ್ನು ಕೊಳ್ಳಬೇಕೆಂದು ನಮ್ಮ ಅರ್ಥವಲ್ಲ. ಕಣ್ಣು ಒಡೆಯನಾಗಿ ಆರಿಸಬಾರದು, ಕಾವಲುಗಾರನಾಗಿ ಪರೀಕ್ಷಿಸಬೇಕು. ಅಂಗಡಿಯಲ್ಲಿ ಹೀಗೆ ಮಾಡಿರಿ:

ಮೊದಲನೆಯದು, ಬಡಗಿಯು ಒಂದು ಕಣ್ಣು ಮುಚ್ಚಿ ರೀಪಿನ ನೇರವನ್ನು ನೋಡುವ ಹಾಗೆ ತಲೆಯ ಕಡೆಯಿಂದ ಕೊರಳಿನ ಉದ್ದಕ್ಕೆ ನೋಡಿರಿ. ಅದು ಹೆಚ್ಚು ಕಡಿಮೆ ನೇರವಾಗಿರಬೇಕು, ತಿರುಚಿರಬಾರದು. ಒಳಗೆ ಉಕ್ಕಿನ ಸರಳು ಉಂಟೋ ಎಂದು ಕೇಳಿರಿ. ಆ ಸರಳಿದ್ದರೆ ಕೊರಳಿನ ಬಾಗನ್ನು ತಿದ್ದಬಹುದು.

ಎರಡನೆಯದು, ವೀಣೆಯ ಮೆಟ್ಟಿಲುಗಳಂತೆ ಇರುವ ಫ್ರೆಟ್ಟುಗಳಲ್ಲಿ ಹನ್ನೆರಡನೆಯದರ ಮೇಲೆ ತಂತಿಯ ಎತ್ತರವನ್ನು ಅಳೆಯಿರಿ. ಉಕ್ಕಿನ ತಂತಿಗಳ ಗಿಟಾರಿನಲ್ಲಿ ದಪ್ಪ ತಂತಿಯು ಸುಮಾರು ಎರಡೂವರೆ ಮಿಲ್ಲಿಮೀಟರು, ಸಣ್ಣ ತಂತಿಯು ಸುಮಾರು ಎರಡು ಮಿಲ್ಲಿಮೀಟರು ಎತ್ತರ ಇದ್ದರೆ ಬೆರಳಿಗೆ ಸುಖ. ಸ್ವಲ್ಪ ಹೆಚ್ಚಿದ್ದರೆ ಕುದುರೆಯ ಮೇಲಿನ ಬಿಳೀ ಪಟ್ಟಿಯನ್ನು ಕೆಲಸ ಬಲ್ಲವನು ಉಜ್ಜಿ ತಗ್ಗಿಸಬಹುದು.

ಮೂರನೆಯದು, ಕುದುರೆಯ ಹಿಂದಿನ ಅಂಚಿಗೆ ಒಂದು ತೆಳು ಕಾಗದವನ್ನು ತಾಗಿಸಿರಿ. ಅದು ಅಡಿಗೆ ನುಗ್ಗಿದರೆ ಅಂಟು ಬಿಡುತ್ತಿದೆ ಎಂದು ತಿಳಿಯಿರಿ, ಅಂಥದನ್ನು ಬಿಡಿರಿ.

ನಾಲ್ಕನೆಯದು, ನಾದದ ತೂತಿನ ಅಂಚನ್ನು ನೋಡಿರಿ. ಮೇಲಿನ ಮರದ ಗೆರೆಗಳು ಅಂಚಿನಲ್ಲಿಯೂ ಹಾಗೆಯೇ ಇಳಿದಿದ್ದರೆ ಅದು ಒಂದೇ ಮರದ ಹಲಗೆ. ಪದರಗಳು ಕಂಡರೆ ಪ್ಲೈವುಡ್ಡು. ಒಂದೇ ಮರದ ಹಲಗೆಯು ಸಾಧಾರಣವಾಗಿ ಚೆನ್ನಾಗಿ ನುಡಿಯುವದು. ಆದರೆ ಬಯಲುಸೀಮೆಯ ಬೇಸಿಗೆಯಲ್ಲಿ ಒಣಗಿ ಸೀಳುವ ಭಯವೂ ಅದಕ್ಕೆ ಹೆಚ್ಚು. ಪ್ಲೈವುಡ್ಡಿನದು ಮಳೆ ಬಿಸಿಲುಗಳನ್ನು ಹೆಚ್ಚಾಗಿ ತಾಳುವದು. ಹಂಚಿನ ಮನೆಯಲ್ಲಿ ಇಡತಕ್ಕ, ಹತ್ತು ಕೈಗಳಲ್ಲಿ ತಿರುಗತಕ್ಕ ಗಿಟಾರಿಗೆ ಅದು ನಾಚಿಕೆಯ ಮಾತಲ್ಲ.

ಐದನೆಯದು, ಕೊರಳಿನ ಎರಡೂ ಅಂಚುಗಳಲ್ಲಿ ಅಂಗೈಯನ್ನು ಜಾರಿಸಿರಿ. ಫ್ರೆಟ್ಟಿನ ತುದಿಗಳು ಚುಚ್ಚಬಾರದು. ಬಿರಡೆಗಳನ್ನು ತಿರುಗಿಸಿರಿ, ನುಣುಪಾಗಿ ತಿರುಗಿ, ಬಿಟ್ಟಲ್ಲಿ ನಿಲ್ಲಬೇಕು.

ಇಷ್ಟಾದ ಮೇಲೆ ಕಣ್ಣಿಗೆ ವಿಶ್ರಾಂತಿ ಕೊಟ್ಟು ಕಿವಿಯನ್ನು ಕರೆಯಿರಿ. ಒಂದೊಂದು ತಂತಿಯನ್ನೂ ಒಂದೊಂದು ಫ್ರೆಟ್ಟಿನಲ್ಲಿ ಒತ್ತಿ ಮೀಟಿದರೆ ಎಲ್ಲಿಯೂ ಗರಗರ ಎನ್ನಬಾರದು. ಹನ್ನೆರಡನೆಯ ಫ್ರೆಟ್ಟು ತಂತಿಯ ಅರ್ಧಕ್ಕೆ ಇರುವದು. ಅಲ್ಲಿ ತಂತಿಯನ್ನು ಬರೇ ಮುಟ್ಟಿ ಮೀಟಿದಾಗ ಬರುವ ಸ್ವರವೂ ಒತ್ತಿ ಮೀಟಿದಾಗ ಬರುವ ಸ್ವರವೂ ಒಂದೇ ಆಗಿರಬೇಕು. ಬೇರೆಯಾದರೆ ಆ ಗಿಟಾರು ಶ್ರುತಿಗೆ ಸರಿಯಾಗಿ ನಿಲ್ಲದು. ಕೊನೆಗೆ ನೀವು ಬೆನ್ನು ತಿರುಗಿಸಿ ನಿಂತುಕೊಳ್ಳಿರಿ. ನುಡಿಸಬಲ್ಲ ಒಬ್ಬರು ಮೂರು ಗಿಟಾರುಗಳಲ್ಲಿ ಒಂದೇ ಹಾಡನ್ನು ನುಡಿಸಲಿ. ಯಾವದು ಯಾವದೆಂದು ಹೇಳದೆ ಇರಲಿ. ಕಿವಿಯು ಒಂದನ್ನು ಆರಿಸಿದ ಮೇಲೆ ತಿರುಗಿ ನೋಡಿರಿ. ಅಂಗಡಿಯವನು ಅವಸರ ಪಡಿಸಿದರೆ ಇನ್ನೊಂದು ಅಂಗಡಿಗೆ ಹೋಗಿರಿ.

ಎಲ್ಲಾ ಪರೀಕ್ಷೆಗಳಲ್ಲಿ ಎರಡು ಗಿಟಾರುಗಳು ಸಮವಾಗಿ ನಿಂತರೆ, ಆಗ ನಿಮ್ಮ ಕಣ್ಣಿಗೆ ಚಂದವಾದದ್ದನ್ನು ಸಂತೋಷದಿಂದ ತಕ್ಕೊಳ್ಳಿರಿ. ಮೊದಲು ಕೈ, ಆಮೇಲೆ ಕಿವಿ, ಕಡೆಗೆ ಕಣ್ಣು. ಅಂದಕ್ಕೆ ಇರುವ ಸ್ಥಾನವು ಇದೇ. ಒಬ್ಬನು ತನ್ನ ಸ್ವಂತ ದುಡ್ಡಿನಿಂದ ಕಡಲಚಿಪ್ಪಿನ ಕುಸುರಿಯನ್ನು ಕೊಂಡರೆ ನಾವು ಅವನನ್ನು ದೂರುವದಿಲ್ಲ. ಆದರೆ ಹಿಡಿಯಕ್ಕಿಯ ಹಣವನ್ನು ಕೈಯಲ್ಲಿ ಹಿಡಿದವನಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ಗಿಟಾರನ್ನು ಕಲಿಯುವವರ ಬೆರಳಿಗಾಗಿ ಕೊಳ್ಳಬೇಕು, ನೋಡುವವರ ಕಣ್ಣಿಗಾಗಿ ಅಲ್ಲ.

೬. ಮುಗಿಸುವ ಮಾತು

ಎರಡು ವರುಷಗಳ ಮೇಲೆ ನಮ್ಮ ಸಭೆಯವರು ಮತ್ತೆ ಹಣ ಕೂಡಿಸಿದರು. ಈ ಸಾರಿ ನಾವು ದುರಸ್ತಿ ಮಾಡುವವನನ್ನೂ ಆ ಅಜ್ಜಿಯ ಮೊಮ್ಮಗಳನ್ನೂ ಸಂಗಡ ಕರಕೊಂಡು ಹೋದೆವು. ಆ ಮೊಮ್ಮಗಳು ಬೇರೆ ಯಾರೂ ಅಲ್ಲ, ಗಿಟಾರನ್ನು ಬಿಟ್ಟುಬಿಟ್ಟ ಹುಡುಗನ ತಂಗಿ. ತಂದದ್ದು ಮಬ್ಬು ಕಂದು ಬಣ್ಣದ, ಪಕ್ಕದಲ್ಲಿ ಒಂದು ತಗ್ಗು ಬಿದ್ದ, ಮತ್ತೊಬ್ಬರು ಬಳಸಿ ಬಿಟ್ಟ ಗಿಟಾರು. ಅಜ್ಜಿಯು ಅದರ ಬೆನ್ನನ್ನು ಗೆಣ್ಣಿನಿಂದ ತಟ್ಟಿ ಕೇಳಿ, "ಇದು ಆದೀತು" ಎಂದಳು. ನಾಲ್ಕು ತಿಂಗಳಲ್ಲಿ ಹುಡುಗಿಯು ಹಾಡಿಗೆ ಜತೆಯಾಗಿ ನುಡಿಸಿದಳು. ಆ ದಿವಸ ಅವಳ ಅಣ್ಣನು ಹಿಂದಿನ ಬಾಗಲ ಹತ್ತಿರ ನಿಂತು ಕೇಳುತ್ತಾ ಇದ್ದನು. ನಾವು ಅವನ ಕಡೆಗೆ ನೋಡಿದಾಗ ಅವನು ತನ್ನ ಎಡಗೈಯ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದನು.

ಕೆಂಪು ಗಿಟಾರು ಇನ್ನೂ ನಮ್ಮ ಮನೆಯ ಗೋಡೆಯಲ್ಲಿ ಇದೆ. ಬಂದವರು ಅದನ್ನು ನೋಡಿ ಹೊಗಳುತ್ತಾರೆ. ನಾವು ಅದನ್ನು ತೆಗೆಯಲಿಲ್ಲ. ನಮಗೆ ಅದು ಪಾಠದ ಹಲಗೆಯಾಗಿದೆ.

ಮನೆಯಲ್ಲಿಯೂ ಕೂಟದಲ್ಲಿಯೂ ಆಲೋಚಿಸತಕ್ಕ ಪ್ರಶ್ನೆಗಳು

೧. ಗಿಟಾರಿನ ಯಾವ ಭಾಗವು ಗಾಳಿಯನ್ನು ಹೆಚ್ಚಾಗಿ ಅಲುಗಿಸುತ್ತದೆ? ಬೆನ್ನಿನ ಮರದ ವಿಷಯವಾಗಿ ೨೦೧೮ರ ಪರೀಕ್ಷೆಯು ಏನನ್ನು ತೋರಿಸಿತು?

೨. ಅಚ್ಚಕಪ್ಪು ಕರಿಮರವನ್ನೇ ಕೇಳಿದ್ದರಿಂದ ಕ್ಯಾಮೆರೂನಿನ ಕಾಡಿನಲ್ಲಿ ಏನಾಯಿತು? ನಾವು ಬಳಸುವ ಬೇರೆ ವಸ್ತುಗಳಲ್ಲಿ ಇಂಥ ನಷ್ಟವನ್ನು ಕಂಡಿದ್ದೇವೋ?

೩. ಹನ್ನೆರಡನೆಯ ಫ್ರೆಟ್ಟಿನ ಹತ್ತಿರ ಮಾಡತಕ್ಕ ಎರಡು ಪರೀಕ್ಷೆಗಳು ಯಾವವು?

೪. ನಮ್ಮ ಮಕ್ಕಳಲ್ಲಿ ಯಾರಾದರೂ ತನ್ನ ಕೈಗೆ ಬರುವದಿಲ್ಲವೆಂದು ಒಂದು ಕೆಲಸವನ್ನು ಬಿಟ್ಟಿದ್ದಾರೋ? ಕುಂದು ಕೈಯಲ್ಲಿತ್ತೋ, ನಾವು ಕೊಟ್ಟ ಉಪಕರಣದಲ್ಲಿತ್ತೋ?